ಒಂದು ತಟ್ಟೆ ಹಮ್ಮಸ್, 23 ಕಿಲೋ ಕಡಲೆ

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಹತ್ತಿರ, ವಾಷಿಂಗ್ಟನ್ ಸ್ಕ್ವೇರ್ ಪಾರ್ಕ್ ದಾಟಿ ಎರಡು ಬೀದಿ ನಡೆದರೆ ಒಂದು ಪುಟ್ಟ ಹೋಟೆಲ್. ಬೋರ್ಡಿನ ಮೇಲೆ ‘ಇಸ್ರೇಲಿ ಮೆಡಿಟರೇನಿಯನ್ ಬ್ರಂಚ್’ ಅಂತ ಬರೆದಿದೆ. ಬ್ರಂಚ್ ಅಂದ್ರೆ ರಜೆ ದಿನ ತಡವಾಗಿ ಎದ್ದವರು ತಿಂಡಿ, ಊಟ ಎರಡನ್ನೂ ಸೇರಿಸಿ ಹನ್ನೊಂದು ಗಂಟೆಗೆ ತಿನ್ನೋದು. 2025ರ ಮಾರ್ಚ್‌ನ ಒಂದು ಭಾನುವಾರ ಸಹಪಾಠಿಗಳು ಕರೆದರು ಅಂತ ಹೋದೆ. ಅರ್ಧ ಗಂಟೆ ಬಾಗಿಲಲ್ಲಿ ಕಾದ ಮೇಲೆ ಜಾಗ ಸಿಕ್ಕಿತು.

ಒಬ್ಬಳು ಶಕ್ಷುಕಾ ತರಿಸಿದಳು. ಕಬ್ಬಿಣದ ಬಾಣಲೆಯಲ್ಲಿ ಕುದಿಯೋ ಟೊಮೆಟೊ ಗೊಜ್ಜು, ಅದರೊಳಗೆ ಒಡೆದು ಹಾಕಿದ ಎರಡು ಮೊಟ್ಟೆ. ಉತ್ತರ ಆಫ್ರಿಕಾದಿಂದ ಇಸ್ರೇಲಿಗೆ ವಲಸೆ ಬಂದ ಯಹೂದಿಗಳು ತಮ್ಮ ಜೊತೆ ತಂದ ಅಡುಗೆ ಅದು. ನಾನು ಅಗ್ಗದ್ದು ಹುಡುಕಿ ಹಮ್ಮಸ್ ಹೇಳಿದೆ. 14 ಡಾಲರ್.

ಬಿಳಿ ಕಡಲೆ ಬೇಯಿಸಿ, ರುಬ್ಬಿದ ಎಳ್ಳು, ನಿಂಬೆರಸ, ಬೆಳ್ಳುಳ್ಳಿ ಸೇರಿಸಿ ಬೆಣ್ಣೆಯ ಹಾಗೆ ನುಣ್ಣಗೆ ಮಾಡಿದ್ದರು. ನಡುವೆ ಗುಳಿ ಮಾಡಿ ಆಲಿವ್ ಎಣ್ಣೆ. ಜೊತೆಗೆ ಉಬ್ಬಿದ ಬಿಸಿ ಪಿಟಾ ರೊಟ್ಟಿ. ಹಮ್ಮಸ್ ಅಂದರೆ ಅರಬ್ಬಿಯಲ್ಲಿ ಕಡಲೆ, ಅಷ್ಟೇ. ಪಕ್ಕದಲ್ಲಿದ್ದ ಲೆಬನಾನ್ ಹುಡುಗಿ ಮೆಲ್ಲಗೆ ಹೇಳಿದಳು: “ಇದು ನಮ್ಮಜ್ಜಿ ಮಾಡ್ತಿದ್ದದ್ದು. ಬೋರ್ಡಿನ ಮೇಲೆ ಮಾತ್ರ ಬೇರೆ ದೇಶದ ಹೆಸರು.” ಹಾಗಂದವಳೇ ರೊಟ್ಟಿ ಮುರಿದು ನನ್ನ ತಟ್ಟೆಗೆ ಅದ್ದಿದಳು.

ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಬೇರೆ. ಹಿಂದಿನ ವಾರವಷ್ಟೇ ಅಪ್ಪ ಗದಗ ಸೀಮೆಯ ನಮ್ಮ ಎರೆಹೊಲದ ಹಿಂಗಾರಿ ಕಡಲೆ ಮಾರಿದ್ದ. ಬೆಂಬಲ ಬೆಲೆ ಕ್ವಿಂಟಲ್‌ಗೆ 5,650 ರೂಪಾಯಿ ಇತ್ತು. ಆದರೆ ಖರೀದಿ ಕೇಂದ್ರದಲ್ಲಿ ಸರದಿಗೆ ಕಾದು, ದುಡ್ಡು ಖಾತೆಗೆ ಬೀಳೋವರೆಗೆ ತಡೆಯೋ ಹಾಗಿರಲಿಲ್ಲ. ನನ್ನ ಓದಿನ ಸಾಲದ ಬಡ್ಡಿ ಕಟ್ಟೋ ದಿನ ಬಂದಿತ್ತು. 5,200ಕ್ಕೆ ದಲ್ಲಾಳಿಗೆ ಕೊಟ್ಟುಬಿಟ್ಟ.

ಕೈ ಒರೆಸೋ ಕಾಗದದ ಮೇಲೆ ಲೆಕ್ಕ ಹಾಕಿದೆ. 14 ಡಾಲರ್ ಅಂದರೆ ಸುಮಾರು 1,200 ರೂಪಾಯಿ. ಅಪ್ಪನ 23 ಕಿಲೋ ಕಡಲೆ. ತಟ್ಟೆಯಲ್ಲಿ ಇದ್ದದ್ದು ಒಂದು ಹಿಡಿ.

ಹೋಟೆಲಿನವರು ಮೋಸ ಮಾಡಿದರು ಅಂತಲ್ಲ. ಆ ಊರಿನ ಬಾಡಿಗೆ, ಕೂಲಿ ಎಲ್ಲ ಆ ತಟ್ಟೆಯಲ್ಲೇ ಹುಟ್ಟಬೇಕು. ಆದರೂ ಅಪ್ಪನಿಗೆ ಹೇಳದೆ ಇರೋಕಾಗಲಿಲ್ಲ. ಇಲ್ಲಿ ರಾತ್ರಿ, ಊರಲ್ಲಿ ಬೆಳಗು ಹರಿಯೋ ಹೊತ್ತಿಗೆ ವಿಡಿಯೊ ಕಾಲ್ ಮಾಡಿದೆ.

“ನಮ್ಮ ಕಡ್ಲಿನ ಏನು ಅದು?” ಅಂದ.

ಅಲ್ಲ, ಅಮೆರಿಕದಲ್ಲೇ ವಾಷಿಂಗ್ಟನ್, ಐಡಾಹೊ, ಮೊಂಟಾನಾ ರಾಜ್ಯಗಳಲ್ಲಿ ಬೆಳೀತಾರೆ ಅಂದೆ. ಬೈತಾನೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

“23 ಕಿಲೋ ತಿಂದಿ ಅಂದ್ರ ಹೊಟ್ಟಿ ತುಂಬಿರಬೇಕಲ್ಲೋ” ಅಂತ ನಕ್ಕ.

ಹಿಂದಿನಿಂದ ಅವ್ವ, “ಅದನ್ನ ಹೆಂಗ ಮಾಡ್ತಾರ ಕೇಳ್ರಿ” ಅಂದಳು. ಹೇಳಿಕೊಟ್ಟೆ. ಮನೆ ಖರ್ಚಿಗೆ ಇಟ್ಟಿದ್ದ ಕೆಂಪು ಕಡಲೆಯನ್ನೇ ನೆನೆಹಾಕಿ, ಆಲಿವ್ ಬದಲು ಕುಸುಬೆ ಎಣ್ಣೆ ಬಿಟ್ಟು ಮಾಡಿದಳಂತೆ.

ಮರುದಿನ ಅಪ್ಪನ ಫೋಟೊ ಬಂತು. ಜೋಳದ ರೊಟ್ಟಿ, ಪಕ್ಕದಲ್ಲಿ ಕಂದು ಬಣ್ಣದ ಹಮ್ಮಸ್. ಕೆಳಗೆ ಒಂದೇ ಸಾಲು: “ಬಳ್ಳೊಳ್ಳಿ ಕಡಿಮಿ ಆತು.”