ಗೋಡೆಯ ಮೇಲಿನ ಬೆಳಕು

ನಮ್ಮ ಮನೆಯಲ್ಲಿ ಅಡುಗೆಮನೆಗೂ ಮಗ್ಗದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಹೋದ ವರ್ಷ ಆಷಾಢದ ಕೊನೆಯ ಒಂದು ಬೆಳಿಗ್ಗೆ ಆ ಗೋಡೆಯ ಈಚೆ ಅಮ್ಮ ನೆಲದ ಮೇಲೆ ಕೂತಿದ್ದಳು, ಆಚೆ ಅಪ್ಪ ನಾಲ್ಕು ಪವರ್‌ಲೂಮ್ ಓಡಿಸುತ್ತಿದ್ದ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಕೆಲಸದ ಗಡಿಬಿಡಿಯಲ್ಲಿ ತಿಂಡಿ ತಿನ್ನುವುದನ್ನು ಮರೆತಿದ್ದ ಅಮ್ಮನಿಗೆ ಮೈಯೆಲ್ಲ ಬೆವರಿ, ಕೈಕಾಲು ನಡುಗಿ, ಏಳಲಿಕ್ಕೇ ಆಗಿರಲಿಲ್ಲ. ಕೈಗೆ ಸಿಕ್ಕಿದ್ದು ಫೋನು. ಅಪ್ಪನಿಗೆ ಏಳು ಸಲ ಕರೆ ಮಾಡಿದಳು. ಆಮೇಲೆ ಮೈಸೂರಿನ ಹಾಸ್ಟೆಲಿನಲ್ಲಿದ್ದ ನನಗೆ ಮಾಡಿದಳು. 'ನಿಮ್ಮಪ್ಪ ಎತ್ತುತಾನೇ ಇಲ್ಲ ಕಣೇ' ಅಂದಳೇ ಹೊರತು ತನಗೆ ಏನಾಗಿದೆ ಅಂತ ಹೇಳಲಿಲ್ಲ. ಮಾತು ತೊದಲುತ್ತಿತ್ತು.

ನಾನು ಅಪ್ಪನಿಗೆ ಆರು ಸಲ ಮಾಡಿದೆ. ಏಳನೆಯದನ್ನು ಎದುರುಮನೆ ಅಕ್ಕನಿಗೆ ಮಾಡಿದೆ. ಅವರು ಓಡಿಬಂದು ಅಮ್ಮನಿಗೆ ಸಕ್ಕರೆ ನೀರು ಕುಡಿಸಿ, ಮಗ್ಗದ ಮನೆಗೆ ಹೋಗಿ ಅಪ್ಪನ ಭುಜ ಹಿಡಿದು ಅಲುಗಾಡಿಸಿದರಂತೆ. ಅಪ್ಪ ಜೇಬಿನಿಂದ ಫೋನ್ ತೆಗೆದು ನೋಡಿದರೆ 13 ಮಿಸ್ಡ್ ಕಾಲ್. ಫೋನ್ ಇದ್ದದ್ದು ಎದೆಯ ಮೇಲಿನ ಜೇಬಿನಲ್ಲಿ.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಕಿವಿ ಮಂದವಾಗುವುದು ಕೂದಲು ನೆರೆತ ಹಾಗೆ, ಯಾರೂ ಅದನ್ನು ಕಾಯಿಲೆ ಅನ್ನುವುದಿಲ್ಲ. ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಆಚೆ ಈಚೆ ಬಡಿಯುತ್ತದೆ. ಅಂಥವು ನಾಲ್ಕು ಒಂದೇ ಕೋಣೆಯಲ್ಲಿ ಓಡಿದರೆ ಸದ್ದು 90 ಡೆಸಿಬಲ್ ದಾಟುತ್ತದೆ. ಸದ್ದಿನಿಂದ ಬರುವ ಕಿವುಡನ್ನು 1948ರ ಫ್ಯಾಕ್ಟರಿ ಕಾಯ್ದೆ ಉದ್ಯೋಗದ ಕಾಯಿಲೆಗಳ ಪಟ್ಟಿಗೆ ಸೇರಿಸಿಕೊಂಡಿತ್ತು. ಆದರೆ ಫ್ಯಾಕ್ಟರಿ ಅನ್ನಿಸಿಕೊಳ್ಳಬೇಕಾದರೆ ಕರೆಂಟಿನಲ್ಲಿ ನಡೆಯುವ ಕಡೆ ಕನಿಷ್ಠ ಹತ್ತು ಜನ ದುಡಿಯಬೇಕಿತ್ತು. ನಮ್ಮಲ್ಲಿ ದುಡಿಯುವವರು ಅಪ್ಪ, ಕಂಡಿಕೆ ಸುತ್ತುವ ಅಮ್ಮ, ಮತ್ತೆ ಸೀನಣ್ಣ. ಹಾಗಾಗಿ ಅದು ಮನೆ. ಮನೆಯಲ್ಲಿ ಯಾರಿಗಾದರೂ ಕಿವಿ ಕೇಳಿಸದಿದ್ದರೆ ಅದು ಮನೆಯವರ ವಿಷಯ.

ಮಗ್ಗದವರು ಇದಕ್ಕೆ ತಮ್ಮದೇ ದಾರಿ ಮಾಡಿಕೊಂಡಿರುತ್ತಾರೆ. ಇಂಗ್ಲೆಂಡಿನ ಲ್ಯಾಂಕಾಶೈರ್ ಹತ್ತಿ ಗಿರಣಿಗಳಲ್ಲಿ ನೇಯುತ್ತಿದ್ದ ಹೆಂಗಸರು ಸದ್ದಿನ ನಡುವೆ ತುಟಿಯನ್ನು ಅತಿಯಾಗಿ ಅಲುಗಿಸಿ, ಮುಖ ಕೈ ಆಡಿಸಿ ಮಾತಾಡುತ್ತಿದ್ದರು, ಅದಕ್ಕೆ 'ಮೀ ಮಾಯಿಂಗ್' ಅನ್ನುವ ಹೆಸರೇ ಇತ್ತು ಅಂತ ಓದಿದಾಗ ನನಗೆ ನಗು ಬಂತು. ನಮ್ಮ ಮನೆಯಲ್ಲಿ ಹೆಸರಿಲ್ಲದೆ ಅದೇ ನಡೆಯುತ್ತಿತ್ತು. ಹೆಬ್ಬೆರಳನ್ನು ತುಟಿಗೆ ತಂದರೆ ಕಾಫಿ. ಎರಡು ಬೆರಳು ಕತ್ತರಿ ಮಾಡಿದರೆ ಎಳೆ ಕಿತ್ತಿದೆ. ಅಪ್ಪ ಬಾಯಿ ನೋಡಿಯೇ ಅರ್ಧ ಮಾತು ತಿಳಿದುಕೊಳ್ಳುತ್ತಾನೆ. ಅದಕ್ಕೇ ಅಪ್ಪನ ಕಿವಿ ಇಷ್ಟು ಹೋಗಿದೆ ಅಂತ ನಮಗೆ ಗೊತ್ತಾಗಿರಲಿಲ್ಲ. ಎದುರಿಗೆ ಕೂತಾಗ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಫೋನಿಗೆ ಮಾತ್ರ ಬಾಯಿ ಇಲ್ಲವಲ್ಲ.

ಅವತ್ತು ರಾತ್ರಿ ನಾನು ಫೋನಿನಲ್ಲಿ ಸಿಡುಕಿದೆ. 'ವೈಬ್ರೇಷನ್‌ಗಾದ್ರೂ ಇಟ್ಕೋಬಾರದಾ?' ಅಪ್ಪನಿಗೆ ಕೇಳಿಸಲಿಲ್ಲ. ಅಮ್ಮ ಕೇಳಿಸಿಕೊಂಡು ಹೇಳಿದಳು, 'ಇಟ್ಟಿದ್ರು ಕಣೇ. ನೆಲಾನೇ ನಡುಗ್ತಿರುತ್ತೆ, ಅದರಲ್ಲಿ ಇದೊಂದು ಯಾವ ಲೆಕ್ಕ.' ನಿಜ. ಆ ಕೋಣೆಯಲ್ಲಿ ನಿಂತರೆ ನಡುಕ ಹಿಮ್ಮಡಿಯಿಂದ ಹಲ್ಲಿನವರೆಗೂ ಏರುತ್ತದೆ. ನಾನು ಹುಟ್ಟಿ ಬೆಳೆದ ಮನೆಯ ಈ ವಿಷಯ ನನಗೆ ಮರೆತುಹೋಗಿತ್ತು. ಕಿವಿ ಹೋಯಿತು, ಚರ್ಮವೂ ಹೋಯಿತು, ಉಳಿದದ್ದು ಕಣ್ಣು. ಅಪ್ಪನ ಕಣ್ಣಾದರೋ ಹಾಸಿನ ಸಾವಿರಾರು ಎಳೆಗಳಲ್ಲಿ ಒಂದು ಕಿತ್ತರೂ ಅಲ್ಲಿಗೇ ಹೋಗಿ ನಿಲ್ಲುವ ಕಣ್ಣು.

ಇಷ್ಟು ಹೊಳೆದದ್ದು ನನ್ನ ಜಾಣತನದಿಂದೇನಲ್ಲ. ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟಿನ ಐಫೋನಿಗೆ ಕರೆ ಬಂದರೆ ಹಿಂದಿನ ಕ್ಯಾಮೆರಾ ಫ್ಲ್ಯಾಶ್ ಪಕಪಕ ಹೊಡೆದುಕೊಳ್ಳುತ್ತದೆ. ಮೆಸ್ಸಿನಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ. ಎರಡು ವರ್ಷದಿಂದ ನಾನದನ್ನು ಶೋಕಿ ಅಂದುಕೊಂಡಿದ್ದೆ, ಒಂದಿಬ್ಬರ ಹತ್ತಿರ ಆಡಿಕೊಂಡೂ ಇದ್ದೆ. ಆ ಸೆಟ್ಟಿಂಗ್ ಎಲ್ಲಿದೆ ಅಂತ ಕೇಳಿದಾಗ ಅವಳು ತೆರೆದು ತೋರಿಸಿದ್ದು ಆ್ಯಕ್ಸೆಸಿಬಿಲಿಟಿ ಅನ್ನುವ ವಿಭಾಗದೊಳಗೆ. ಕಿವಿ ಕೇಳಿಸದವರಿಗೆಂದು ಐಫೋನಿನಲ್ಲಿ 2011ರಲ್ಲೇ ಬಂದದ್ದು ಅದು. ಆಂಡ್ರಾಯ್ಡ್ ಫೋನುಗಳಲ್ಲಿ ಕೆಲವು ಕಂಪನಿಗಳು ತಾವಾಗಿಯೇ ಕೊಟ್ಟಿದ್ದವು, ಆಂಡ್ರಾಯ್ಡಿನೊಳಗೇ ಸೇರಿದ್ದು 2023ರ 14ನೇ ಆವೃತ್ತಿಯಲ್ಲಿ. ಅಪ್ಪನಂಥವರಿಗಾಗಿ ಮಾಡಿದ್ದನ್ನು ನಾನು ಶೋಕಿ ಅಂದಿದ್ದೆ.

ಆ ಶನಿವಾರ ಊರಿಗೆ ಹೋದೆ. ಅಪ್ಪನದು ನನ್ನ ಫೆಲೋಶಿಪ್ ದುಡ್ಡಿನಲ್ಲಿ ಕೊಡಿಸಿದ ಆಂಡ್ರಾಯ್ಡ್ (ಆ ದುಡ್ಡು ಯಾವಾಗ ಬರುತ್ತದೆ ಅನ್ನುವುದು ಬೇರೆಯೇ ಪ್ರಬಂಧ). ಕೊಂಡಾಗಿನಿಂದ ಅಪ್‌ಡೇಟೇ ಮಾಡಿರಲಿಲ್ಲ. ಅದು ಮುಗಿಯುವವರೆಗೆ ಕಾಯುವ ತಾಳ್ಮೆ ಇಲ್ಲದೆ, ಕರೆ ಬಂದಾಗ ಫ್ಲ್ಯಾಶ್ ಹೊಡೆಯುವ ಒಂದು ಪುಕ್ಕಟೆ ಆ್ಯಪ್ ಹಾಕಿ ನೋಡಿದೆ. ಅದಕ್ಕೆ ಅಪ್ಪನ ಫೋನಿನಲ್ಲಿರುವ ಎಲ್ಲರ ನಂಬರೂ ಬೇಕಂತೆ, ಇರುವ ಜಾಗವೂ ಬೇಕಂತೆ, ಮೇಲೆ ರಮ್ಮಿ ಆಟದ ಜಾಹೀರಾತು ಬೇರೆ. ಕಿತ್ತು ಹಾಕಿದೆ. ಅಪ್‌ಡೇಟ್ ಮುಗಿದ ಮೇಲೆ ಕನ್ನಡದಲ್ಲಿದ್ದ ಸೆಟ್ಟಿಂಗ್ಸ್ ತೆರೆದರೆ 'ಪ್ರವೇಶಿಸುವಿಕೆ' ಅನ್ನುವ ಪದ ಕಂಡಿತು. ಯಾರು ಎಲ್ಲಿಗೆ ಪ್ರವೇಶಿಸುವುದೋ! ಕನ್ನಡ ಎಂ.ಎ. ಮಾಡಿದ ನನಗೇ ಇದೇ ಅದು ಅಂತ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಪ್ಪ ತಾನಾಗಿ ಹುಡುಕಿಕೊಳ್ಳುವ ಮಾತೇ ಇರಲಿಲ್ಲ.

ಒಳಗೆ ಎರಡು ಆಯ್ಕೆ. ಒಂದು ಹಿಂಬದಿಯ ಫ್ಲ್ಯಾಶ್, ಇನ್ನೊಂದು ಪರದೆಯೇ ಬಣ್ಣದಲ್ಲಿ ಮಿನುಗುವುದು. ಎರಡನ್ನೂ ಆನ್ ಮಾಡಿದೆ. ಎರಡು ನಿಮಿಷದ ಕೆಲಸ, ಗೆದ್ದ ಹಾಗೆ ಅನ್ನಿಸಿತು. ಜೇಬಿನಲ್ಲಿರುವ ಫೋನು ಎಷ್ಟು ಮಿನುಗಿದರೂ ಕಾಣುವುದಿಲ್ಲ ಅನ್ನುವುದು ಹೊಳೆದದ್ದು ಅದನ್ನು ಅಪ್ಪನ ಜೇಬಿಗೆ ಹಾಕಿದ ಮೇಲೆ.

ಸೀನಣ್ಣ ಒಂದು ಮೊಳೆ ಹೊಡೆದ. ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಫ್ಲ್ಯಾಶ್ ಹೊರಗೆ ಕಾಣುವಂತೆ ಮಗ್ಗದ ಎದುರಿಗೆ ತೂಗುಹಾಕಿದೆವು. ನಾನು ಅಡುಗೆಮನೆಗೆ ಹೋಗಿ ಕರೆ ಮಾಡಿದೆ. ಯಾರೂ ಎತ್ತಲಿಲ್ಲ. ಬಂದು ನೋಡಿದರೆ ಅಪ್ಪ ಸ್ಟೂಲಿನ ಮೇಲೆ ಹತ್ತಿ ಟ್ಯೂಬ್‌ಲೈಟಿನ ಸ್ಟಾರ್ಟರ್ ತಿರುಗಿಸುತ್ತಿದ್ದಾನೆ! 'ಲೈಟು ಹೊಡ್ಕೋತಿದೆ ಕಣಮ್ಮ' ಅಂದ.

ನಾವು ನಗುವಾಗ ಸೀನಣ್ಣ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನನ್ನನ್ನು ಹೊರಗೆ ಕರೆದು, 'ಚಿಕ್ಕೋನಿದ್ದಾಗ ನಂಗೆ ಫಿಟ್ಸ್ ಬರ್ತಿತ್ತು ಕಣವ್ವಾ. ಇದೇನೂ ಮಾಡಲ್ಲ ತಾನೆ?' ಅಂತ ಕೇಳಿದ. ಹತ್ತು ವರ್ಷದಿಂದ ನಮ್ಮಲ್ಲಿ ನೇಯುವವನು, ಆವತ್ತಿನವರೆಗೂ ಹೇಳಿರಲಿಲ್ಲ. ನಾನು ಓದಿದೆ. ಮೂರ್ಛೆ ರೋಗ ಇರುವವರಲ್ಲಿ ಮಿನುಗುವ ಬೆಳಕಿನಿಂದ ತೊಂದರೆಯಾಗುವುದು ನೂರಕ್ಕೆ ಸುಮಾರು 3 ಮಂದಿಗೆ. ಕಡಿಮೆಯೇ. ಆದರೆ 1997ರಲ್ಲಿ ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಬೇಗ ಬೇಗ ಮಿನುಗಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ವೆಬ್ ಪುಟಗಳಲ್ಲಿ ಯಾವುದೂ ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಮಿನುಗಬಾರದು ಅನ್ನುವ ನಿಯಮವಿದೆ. ಫೋನಿನ ಆ ಸೆಟ್ಟಿಂಗಿನ ಕೆಳಗೇ ಬೆಳಕು ತಾಳದವರಿಗೆ ಎಚ್ಚರಿಕೆ ಇತ್ತು, ಗೆದ್ದ ಖುಷಿಯಲ್ಲಿ ನಾನು ಓದಿರಲಿಲ್ಲ.

ಒಬ್ಬರ ಕಿವಿಗೆ ಬೇಕಾದದ್ದು ಇನ್ನೊಬ್ಬರ ತಲೆಗೆ ಆಗದು. ತೆಗೆದುಬಿಡೋಣ ಅಂದೆ. ದಾರಿ ಹುಡುಕಿದ್ದು ಅಮ್ಮ. ಫೋನನ್ನು ತಿರುಗಿಸಿ, ಫ್ಲ್ಯಾಶ್ ಗೋಡೆಯ ಕಡೆಗೆ ಬರುವ ಹಾಗೆ, ಅಪ್ಪ ನಿಲ್ಲುವ ಕಡೆಯ ಮೂಲೆಗೆ ತೂಗುಹಾಕಿದಳು. ಈಗ ಬೆಳಕು ನೇರವಾಗಿ ಯಾರ ಕಣ್ಣಿಗೂ ಹೊಡೆಯುವುದಿಲ್ಲ. ಸುಣ್ಣದ ಗೋಡೆಯ ಮೇಲೆ ದೂರದ ಮಿಂಚಿನ ಹಾಗೆ ಬಂದು ಹೋಗುತ್ತದೆ. ಸೀನಣ್ಣನ ಮಗ್ಗಗಳು ಅದಕ್ಕೆ ಬೆನ್ನು ಮಾಡಿವೆ. ಆದರೂ ಅವನು ಡಾಕ್ಟರನ್ನು ಕೇಳಿ ಬಂದು ಸರಿ ಅನ್ನುವವರೆಗೆ ಎರಡು ವಾರ ಅದನ್ನು ಆಫ್ ಮಾಡಿಯೇ ಇಟ್ಟಿದ್ದೆವು.

ಮತ್ತೆ ಆನ್ ಮಾಡಿದ ದಿನ ಇನ್ನೊಂದು ಫಜೀತಿ. ಕರೆಗೆ ಮಾತ್ರವಲ್ಲ, ಬಂದ ಸಂದೇಶಕ್ಕೆಲ್ಲ ಗೋಡೆ ಮಿಂಚತೊಡಗಿತು. ನೆಂಟರ ಗುಂಪಿನ ಗುಲಾಬಿ ಹೂವಿನ ಶುಭೋದಯ, ಸಾಲ ಬೇಕೆ ಅನ್ನುವ ಬ್ಯಾಂಕು, ರೀಚಾರ್ಜು ಮುಗಿಯಿತು ಅನ್ನುವ ಕಂಪನಿ, ಪ್ರತಿಯೊಂದಕ್ಕೂ ಅಪ್ಪ ಮಗ್ಗ ನಿಲ್ಲಿಸಿ ಓಡಿ ಬರುತ್ತಾನೆ. ನಾನು ಕೂತು ಒಂದೊಂದಾಗಿ ನೋಟಿಫಿಕೇಶನ್ ಬಂದ್ ಮಾಡಿದೆ. ನೆಂಟರ ಗುಂಪನ್ನು ಮುಚ್ಚಿದ್ದಕ್ಕೆ ಅಮ್ಮನಿಗೆ ಬೇಜಾರು, ಅಪ್ಪನಿಗೆ ಹೇಳಲಾಗದಷ್ಟು ಖುಷಿ.

ಹಬ್ಬ ಮುಗಿದ ಮೇಲೆ ಅಪ್ಪನನ್ನು ಮೈಸೂರಿಗೆ ಕರೆಸಿದೆ. ನಾನಿರುವ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ. ನಾಲ್ಕು ವರ್ಷ ಅದರ ಮುಂದೆಯೇ ಓಡಾಡಿದ್ದೇನೆ, ಒಂದು ದಿನವೂ ಅಪ್ಪನ ನೆನಪಾಗಿರಲಿಲ್ಲ. ಪರೀಕ್ಷೆ ಮಾಡಿದ ಹುಡುಗಿ ನನಗಿಂತ ಚಿಕ್ಕವಳು. ಕಾಗದದ ಮೇಲಿನ ಗೆರೆ ಸಮವಾಗಿ ಬಂದು 4000 ಹರ್ಟ್ಸ್ ಹತ್ತಿರ ಹಳ್ಳಕ್ಕೆ ಬಿದ್ದದ್ದನ್ನು ತೋರಿಸಿ, 'ಸದ್ದಿನಲ್ಲಿ ಕೆಲಸ ಮಾಡಿದವರದು ಹೀಗೇ ಇರುತ್ತೆ' ಅಂದಳು. ಒಳಗಿವಿಯ ಆ ಸಣ್ಣ ಕೂದಲಿನಂಥ ಕೋಶಗಳು ಹೋದರೆ ಮತ್ತೆ ಹುಟ್ಟುವುದಿಲ್ಲ. ಸ್ವರಗಳು ಕೇಳಿಸುತ್ತವೆ, ಸ, ಶ, ಥ ಥರದ ಮೇಲಿನ ಸದ್ದುಗಳು ಜಾರಿಹೋಗುತ್ತವೆ ಅಂದಳು.

ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತಾಗ ಲೆಕ್ಕ ಹಾಕಿದೆ. 'ಊಟ ಆಯ್ತಾ' ಅಂದರೆ ಅಪ್ಪನಿಗೆ ಫೋನಿನಲ್ಲೂ ತಿಳಿಯುತ್ತದೆ. ನಾನು ಕೆಲಸ ಮಾಡುವುದು ಗಂಗರ ಕಾಲದ ಶಾಸನಗಳ ಮೇಲೆ. ನಾಲ್ಕು ವರ್ಷದಿಂದ ಫೋನಿನಲ್ಲಿ 'ಶಾಸನ', 'ಥೀಸಿಸ್' ಅನ್ನುತ್ತಿದ್ದೇನೆ. ಎರಡರಲ್ಲೂ ಅಪ್ಪನಿಗೆ ಸಿಕ್ಕುವುದು ಸ್ವರಗಳು ಮಾತ್ರ. ಅಪ್ಪ ಪ್ರತಿ ಸಲ 'ಹ್ಞೂಂ, ಮಾಡು ಮಾಡು' ಅನ್ನುತ್ತಿದ್ದ.

'ನಾನು ಏನು ಓದ್ತಿದ್ದೀನಿ ಅಂದ್ಕೊಂಡಿದ್ದೆ ಅಪ್ಪಾ?' ಎದುರಿಗೆ ಕೂತು ಕೇಳಿದೆ.

'ಏನೋ ದೊಡ್ಡದು' ಅಂದ.

ಅಂಗವಿಕಲರ ಪ್ರಮಾಣಪತ್ರಕ್ಕೆ ಎರಡೂ ಕಿವಿಯಲ್ಲಿ ಮಾತಿನ ಮಟ್ಟದ ಸದ್ದಿಗೆ 60 ಡೆಸಿಬಲ್ ನಷ್ಟವಾದರೂ ಆಗಿರಬೇಕು, 2016ರ ಕಾಯ್ದೆಯ ಪ್ರಕಾರ. ಅಪ್ಪನದು 54. ನಾನು ಸಪ್ಪಗಾದದ್ದನ್ನು ನೋಡಿ, 'ಇನ್ನೆರಡು ವರ್ಷ ಮಗ್ಗ ಓಡ್ಸಿದ್ರೆ ಸಿಕ್ಕೇ ಸಿಗುತ್ತೆ ಬಿಡಮ್ಮ' ಅಂದ. ಆಮೇಲೆ ತಾನೇ ಜೋರಾಗಿ ನಕ್ಕ, ಸುತ್ತಲಿದ್ದವರೆಲ್ಲ ತಿರುಗಿ ನೋಡುವಷ್ಟು.

ಕಿವಿಗೆ ಮೆಷಿನ್ ಕೊಟ್ಟಿದ್ದಾರೆ. ಮಗ್ಗದ ಮನೆಯಲ್ಲಿ ಅದನ್ನು ಹಾಕುವ ಹಾಗಿಲ್ಲ, ಅಲ್ಲಿ ಬೇಕಾದದ್ದು ಸದ್ದು ತಡೆಯುವ ಕಿವಿಮುಚ್ಚುಗ. ಅದನ್ನೂ ತಂದುಕೊಟ್ಟಿದ್ದೇನೆ. ಲಾಳಿಯ ಲಯ ತಪ್ಪಿದ್ದು ಗೊತ್ತಾಗಲ್ಲ ಅಂತ ಅಪ್ಪ ಒಂದು ದಿನ ಹಾಕಿದರೆ ಎರಡು ದಿನ ಬಿಡುತ್ತಾನೆ. ಈ ಜಗಳ ಇನ್ನೂ ಮುಗಿದಿಲ್ಲ.

ಗೋಡೆಯ ಬೆಳಕು ಮಾತ್ರ ಉಳಿದಿದೆ. ಅದಕ್ಕೊಂದು ಲೆಕ್ಕವೂ ಆಗಿದೆ. ಒಂದೇ ಸಲ ಮಿಂಚಿ ನಿಂತರೆ ನಾನು ಹಾಸ್ಟೆಲ್ ತಲುಪಿದ್ದೇನೆ, ಎತ್ತಬೇಕಾಗಿಲ್ಲ. ಬಿಡದೆ ಮಿಂಚಿದರೆ ಅಮ್ಮ, ಮಗ್ಗ ಬಿಟ್ಟು ಬರಬೇಕು. ಮೊನ್ನೆ ಬಿಡದೆ ಮಿಂಚಿತಂತೆ, ಅಪ್ಪ ಓಡಿದನಂತೆ. ಅಮ್ಮ ತಟ್ಟೆಗೆ ಮುದ್ದೆ ಹಾಕಿಕೊಂಡು ಕೂತಿದ್ದಳು.

'ಮದುವೆಯಾಗಿ 31 ವರ್ಷ ಆಯ್ತು' ಅಂತ ಅಮ್ಮ ನನಗೆ ಫೋನಿನಲ್ಲಿ ಹೇಳಿದಳು, 'ಊಟಕ್ಕೆ ಕರೆದ ತಕ್ಷಣ ಬಂದಿದ್ದು ಇದೇ ಮೊದಲು ಕಣೇ.' ಹಿಂದಿನಿಂದ ಮಗ್ಗದ ಸದ್ದು ಕೇಳಿಸುತ್ತಿರಲಿಲ್ಲ. ಕರೆಂಟು ಹೋಗಿದೆಯಾ ಅಂತ ಕೇಳಿದೆ. ಇಲ್ಲ, ಉಣ್ತಾ ಇದ್ದಾರೆ ಅಂದಳು.