ದೋಷ ಎಲ್ಲಿತ್ತು?

ಜಿದ್ದಾದಲ್ಲಿರುವ ತಮ್ಮ ಸಂಜೆ ಕೆಲಸ ಮುಗಿಸಿ ಕರೆ ಮಾಡುವಾಗ ಇಲ್ಲಿ ರಾತ್ರಿ ಎಂಟೂವರೆ. ಮೊಬೈಲಿನ ಚಿಕ್ಕ ಪರದೆಯಲ್ಲಿ ಉಮ್ಮನಿಗೆ ಮಗನ ಮುಖ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ನಾವು ಗಂಡ-ಹೆಂಡಿರು ಹೊರಗಿನ ಕೋಣೆಯಲ್ಲಿರುವ ಲ್ಯಾಪ್‌ಟಾಪನ್ನು ಒಯ್ದು ಅವರ ಮಂಚದ ಮೇಲಿಡುತ್ತೇವೆ.

ಕಳೆದ ಮಳೆಗಾಲದಲ್ಲಿ ಈ ಮಾತುಕತೆ ನಡುವೆಯೇ ಕಡಿಯತೊಡಗಿತು. ಐದು ನಿಮಿಷವಾಗುವಷ್ಟರಲ್ಲಿ ವೈಫೈ ಮಾಯ. "ಅವನಿಗೆ ಏನೋ ಅವಸರವಿರಬೇಕು, ಇಟ್ಟುಬಿಟ್ಟ" ಎಂದು ಉಮ್ಮ ಮುಖ ಆ ಕಡೆ ತಿರುಗಿಸುತ್ತಿದ್ದರು. ವೈಫೈ ಎಂದರೇನೆಂದು ಅವರಿಗೆ ಹೇಗೆ ತಿಳಿಸುವುದು?

ನಾವು ಮೊದಲು ಲೈನ್ ಹಾಕಿದವರನ್ನು ದೂರಿದೆವು. ಆಮೇಲೆ ಕೆಂಪುಕಲ್ಲಿನ ದಪ್ಪ ಗೋಡೆಯನ್ನು. ಕೊನೆಗೆ ಸಂಶಯ ಹೋದದ್ದು ಪಕ್ಕದ ಮನೆಯ ಹುಡುಗನ ಮೇಲೆ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಆನ್‌ಲೈನ್ ಆದಾಗ ನಾವೇ ಅವನಿಗೆ ಪಾಸ್‌ವರ್ಡ್ ಕೊಟ್ಟಿದ್ದೆವು. 'ರಾತ್ರಿಯಿಡೀ ಸಿನಿಮಾ ನೋಡುತ್ತಿರಬೇಕು' ಎಂದು ನಾವೇ ತೀರ್ಮಾನಿಸಿ, ಅವನಿಗೊಂದು ಮಾತೂ ಹೇಳದೆ ಪಾಸ್‌ವರ್ಡ್ ಬದಲಾಯಿಸಿದೆವು. ಮರುದಿನದಿಂದ ಹುಡುಗ ನಮ್ಮ ಗೇಟಿನ ಮುಂದೆ ತಲೆ ತಗ್ಗಿಸಿ ನಡೆಯತೊಡಗಿದ. ವೈಫೈ ಮಾತ್ರ ಕಡಿಯುತ್ತಲೇ ಇತ್ತು.

ಒಂದು ರಾತ್ರಿ ಲ್ಯಾಪ್‌ಟಾಪಿನಲ್ಲಿ ಸಂಪರ್ಕ ಹೋದ ಕ್ಷಣವೇ, ಅದೇ ಮಂಚದ ಮೇಲೆ ಮೊಬೈಲ್ ತೆರೆದೆವು. ಅದೇ ವೈಫೈ, ಯಾವ ತೊಂದರೆಯೂ ಇಲ್ಲ. ಹಾಗಾದರೆ ತಪ್ಪು ಲೈನಿನದ್ದೂ ಅಲ್ಲ, ಗೋಡೆಯದ್ದೂ ಅಲ್ಲ, ಹುಡುಗನದ್ದಂತೂ ಅಲ್ಲವೇ ಅಲ್ಲ.

ಹೊರಗಿನ ಕೋಣೆಯಲ್ಲಿ ಸರಿಯಿದ್ದ ಲ್ಯಾಪ್‌ಟಾಪ್ ಇಲ್ಲೇಕೆ ಹೀಗೆ? ಯೋಚಿಸಿದಾಗ ಹೊಳೆಯಿತು: ಒಯ್ಯುವಾಗ ಚಾರ್ಜರ್ ಕಿತ್ತಿರುತ್ತೇವೆ! ಬೇರೇನನ್ನೂ ಬದಲಾಯಿಸದೆ, ಉಮ್ಮನ ಕೋಣೆಯಲ್ಲೇ ಚಾರ್ಜರ್ ಸಿಕ್ಕಿಸಿದೆವು. ಅರ್ಧ ಗಂಟೆಯಾದರೂ ಸಂಪರ್ಕ ಕಡಿಯಲಿಲ್ಲ. ಬ್ಯಾಟರಿ ಉಳಿಸಲು ಯಂತ್ರವೇ ತನ್ನ ವೈಫೈ ಭಾಗಕ್ಕೆ ಹೋಗುವ ವಿದ್ಯುತ್ತನ್ನು ಬಿಗಿಹಿಡಿಯುತ್ತಿತ್ತು. ನಮ್ಮದು ವಿಂಡೋಸ್ 10. 'ಪವರ್ ಆಪ್ಷನ್ಸ್'ನ ಅಡ್ವಾನ್ಸ್‌ಡ್ ಸೆಟ್ಟಿಂಗ್‌ನಲ್ಲಿ 'ವೈರ್‌ಲೆಸ್ ಅಡಾಪ್ಟರ್ ಸೆಟ್ಟಿಂಗ್ಸ್' ಎಂದಿದೆ. ಅಲ್ಲಿ 'ಆನ್ ಬ್ಯಾಟರಿ' ಎಂಬಲ್ಲಿ 'ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್' ಆಯ್ದುಕೊಂಡೆವು. ಬ್ಯಾಟರಿ ಸ್ವಲ್ಪ ಬೇಗ ಮುಗಿಯುತ್ತದೆ, ಅಷ್ಟೇ. ಆ ರಾತ್ರಿ ಉಮ್ಮ ಮಗನೊಂದಿಗೆ ಮುಕ್ಕಾಲು ಗಂಟೆ ಮಾತಾಡಿದರು.

ಒಂದು ರೂಪಾಯಿ ಖರ್ಚಿಲ್ಲದೆ ಮುಗಿದ ಕೆಲಸ. ಆದರೆ ಅಷ್ಟರಲ್ಲಿ ಒಬ್ಬ ಹುಡುಗನ ಮನಸ್ಸು ನೋಯಿಸಿಯಾಗಿತ್ತು. ನಮ್ಮ ಮೇಜಿನ ಮೇಲಿದ್ದ ಯಂತ್ರವನ್ನು ಪರೀಕ್ಷಿಸಲು ಹತ್ತು ನಿಮಿಷ ಸಾಕಿತ್ತು. ಪಕ್ಕದ ಮನೆಯವನನ್ನು ಸಂಶಯಿಸಲು ನಮಗೆ ಅಷ್ಟೂ ಹೊತ್ತು ಬೇಕಾಗಲಿಲ್ಲ.

ಮರುದಿನ ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಅವನ ಮನೆಗೆ ಹೋದೆವು. ಯಾಕೆ ಬದಲಾಯಿಸಿದಿರಿ ಎಂದು ಅವನು ಕೇಳಲಿಲ್ಲ. ನಾವೇ ಹೇಳಿದೆವು.