ಹಳೆ ಹಾಸಿನ ತುದಿ

ಚಳ್ಳಕೆರೆಯಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಮನೆಯವರು ಟಿ.ವಿ. ಮುಂದೆ, ನಾನು ಹಳೆ ಪಿ.ಸಿ. ಮುಂದೆ. ಅದು ಏಳುವುದನ್ನು ನೋಡುವುದೇ ನನ್ನ ಚಟ. ಆ ಗಳಿಗೆಯಲ್ಲಿ ಪ್ರೊಸೆಸರಿಗೆ ಫೈಲು, ಲಿನಕ್ಸು ಯಾವುದರ ಸುಳಿವೂ ಇರುವುದಿಲ್ಲ. ಬಯೋಸ್ ಎಂಬ ಕಾಯಂ ಪ್ರೋಗ್ರಾಮು ಡಿಸ್ಕಿನ ಮೊದಲ ಸೆಕ್ಟರನ್ನು, ಬರೀ 512 ಬೈಟನ್ನು, ಮೆಮೊರಿಯ 7ಸಿ00 ವಿಳಾಸಕ್ಕೆ ತಂದಿಟ್ಟು, ಕೊನೆಯಲ್ಲಿ 55, ಎಎ ಎಂಬ ಗುರುತಿದ್ದರೆ ‘ಇನ್ನು ನಿನ್ನ ಪಾಡು’ ಎಂದು ಬಿಟ್ಟುಬಿಡುತ್ತದೆ.

ಆ 512ರಲ್ಲಿ ಗುರುತಿಗೆ 2, ಡಿಸ್ಕಿನ ಪಾಲುಪಟ್ಟಿಗೆ 64 ಹೋದರೆ ಮಿಗುವುದು 446. ಅಷ್ಟು ಜಾಗದಲ್ಲಿ ಫೈಲು ಓದುವ ಜಾಣತನ ತುರುಕಲು ಹೋದವನು ಹೈರಾಣಾಗುತ್ತಾನೆ. ಅದಕ್ಕೇ ಮೊದಲ ಹಂತಕ್ಕೆ ಒಂದೇ ಕೆಲಸ: ಎರಡನೆಯದನ್ನು ಕರೆತಂದು ಸರಿದು ನಿಲ್ಲುವುದು. ಲಿನಕ್ಸಿನ ತಿರುಳಾದ ಕರ್ನೆಲ್ ಹುಡುಕುವುದು, ಮೆಮೊರಿ ಎಷ್ಟಿದೆ ಎಂದು ಲೆಕ್ಕ ತೆಗೆಯುವುದು ಎಲ್ಲ ಎರಡನೆಯದರ ತಲೆನೋವು.

ಹವ್ಯಾಸಕ್ಕೆಂದು ಇಂಥ ಬೂಟ್‌ಲೋಡರ್ ಬರೆಯತೊಡಗಿದಾಗ ಮೊಳಕಾಲ್ಮೂರಿನ ಅಜ್ಜಿ ನೆನಪಾದಳು. ರೇಷ್ಮೆ ಸೀರೆ ಮುಗಿದರೂ ಅವಳು ಮಗ್ಗ ಬರಿದು ಮಾಡುತ್ತಿರಲಿಲ್ಲ. ಹಣಿಗೆಯಲ್ಲಿ ಹಳೆ ಹಾಸಿನ ತುದಿ ಉಳಿಸಿಯೇ ಕತ್ತರಿಸುತ್ತಿದ್ದಳು. ಬೆರಳಿಗೆ ಬೂದಿ ಸೋಕಿಸಿಕೊಂಡು ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ತುದಿಗೆ ಹೊಸೆದು ಕೂಡಿಸಿ, ಮೆಲ್ಲಗೆ ಎಳೆದರೆ ಹಳೆಯದರ ಹಿಂದೆ ಹೊಸದು ಹಣಿಗೆ ದಾಟಿ ಬರುತ್ತಿತ್ತು. ಆ ತುದಿಯಿಂದ ಸೀರೆಯ ಒಂದಂಗುಲವೂ ಆಗದು. “ಕಿತ್ತಾಕಿದ್ರೆ ಒಂದೊಂದ್ ಎಳೀನೂ ಮತ್ತೆ ಪೋಣಿಸ್ಬೇಕಲ್ಲೋ, ನಿಮ್ಮಪ್ಪ ಬರ್ತಾನಾ?” ಎನ್ನುತ್ತಿದ್ದಳು.

ಮಗ್ಗಕ್ಕೂ ಗಣಕಕ್ಕೂ ಹಳೆಯ ನೆಂಟಸ್ತಿಕೆಯೇ ಇದೆ. ಫ್ರಾನ್ಸಿನ ಜಕಾರ್ಡ್ 1804ರ ಹೊತ್ತಿಗೆ ಮಗ್ಗಕ್ಕೆ ಏರಿಸಿದ ತೂತಿನ ರಟ್ಟುಗಳ ವಂಶವೇ ಮುಂದೆ ಗಣಕಕ್ಕೂ ಬಂತು. 1952ರ ಐಬಿಎಂ 701ರಲ್ಲಿ ‘ಲೋಡ್’ ಗುಂಡಿ ಒತ್ತಿದರೆ ಕಾರ್ಡಿನಿಂದ ಒಳಗೆ ಬರುತ್ತಿದ್ದುದು 36 ಬಿಟ್ಟಿನ ಒಂದೇ ತುಣುಕು. ಉಳಿದ ದಿಬ್ಬಣವನ್ನು ಅದೇ ಕರೆಯಬೇಕು.

ಎರಡನೆಯ ಹಂತದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಎ20 ಎಂಬ ತಂತಿ. ಮೊದಲ ಪಿ.ಸಿ.ಯ ಚಿಪ್ಪಿಗೆ 20 ವಿಳಾಸ ತಂತಿಗಳಿದ್ದವು, 1 ಎಂ.ಬಿ. ದಾಟಿದ ವಿಳಾಸ ಸುತ್ತಿ ಸೊನ್ನೆಗೇ ಬರುತ್ತಿತ್ತು. ಆ ಸುತ್ತನ್ನೇ ನೆಚ್ಚಿದ ಪ್ರೋಗ್ರಾಮುಗಳೂ ಹುಟ್ಟಿಕೊಂಡವು. 1984ರಲ್ಲಿ ಐಬಿಎಂ ಎಟಿ ಬಂದು ತಂತಿಗಳು ಹೆಚ್ಚಿದಾಗ, ಹಳಬರಿಗೆ ತೊಂದರೆಯಾಗದಿರಲೆಂದು 21ನೆಯ ತಂತಿಗೆ, ಸೊನ್ನೆಯಿಂದ ಎಣಿಸಿದರೆ ಎ20ಕ್ಕೆ, ಬೀಗ ಹಾಕಿದರು. ಬೀಗದ ಕೈ ಕೊಟ್ಟದ್ದು ಯಾರಿಗೆ? ಕೀಬೋರ್ಡ್ ನೋಡಿಕೊಳ್ಳುವ ಚಿಪ್ಪಿಗೆ! ಅದರಲ್ಲೊಂದು ಪಿನ್ನು ಖಾಲಿ ಇತ್ತಂತೆ. ಕರ್ನೆಲ್ಲನ್ನು 1 ಎಂ.ಬಿ. ಆಚೆ ಇಳಿಸಬೇಕಾದರೆ ಕೀಬೋರ್ಡಿನ ಅಪ್ಪಣೆ ಕೇಳುವ ಈ ಪದ್ಧತಿ ನಮ್ಮ ಸರ್ಕಾರಿ ಕಚೇರಿಗಳಿಗೂ ಹೊಳೆದಿಲ್ಲ.

ಲಿಲೊ ಎಂಬ ಲಿನಕ್ಸ್ ಲೋಡರು ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನೇ ಹಂತಹಂತವಾಗಿ ಮೂಡಿಸುತ್ತಿತ್ತು. ಎರಡಕ್ಕೇ ನಿಂತರೆ, ಎರಡನೆಯ ಹಂತ ಮೆಮೊರಿಗೆ ಬಂದಿದೆ, ಓಡಲೊಲ್ಲದು ಎಂದರ್ಥ. ಇದಕ್ಕಿಂತ ಚುಟುಕಾದ ದೂರರ್ಜಿ ನಾನು ಓದಿಲ್ಲ. ಈಗ ಬಯೋಸಿನ ಜಾಗಕ್ಕೆ ಯುಇಎಫ್‌ಐ ಬಂದು ಮೊದಲ ಸೆಕ್ಟರಿನ ಇಕ್ಕಟ್ಟು ತಪ್ಪಿದೆ. ಆದರೂ ಹಳೆ ಉಪಕರಣಗಳು ಡಿಸ್ಕು ಖಾಲಿಯೆಂದು ಅಳಿಸಿಯಾವೆಂಬ ಅಂಜಿಕೆಗೆ ಅಲ್ಲೊಂದು ಹಳೆ ಪಾಲುಪಟ್ಟಿಯನ್ನು ಇಟ್ಟೇ ಇರುತ್ತಾರೆ.

2023ರ ಏಪ್ರಿಲ್ 2ರ ಬೆಳಿಗ್ಗೆ ನಮ್ಮೂರ ಬಳಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ, ಹೆಲಿಕಾಪ್ಟರು 4.5 ಕಿ.ಮೀ. ಎತ್ತರದಿಂದ ಬಿಟ್ಟ ಇಸ್ರೋದ ರೆಕ್ಕೆಯ ವಾಹನ ತಾನಾಗಿ ರನ್‌ವೇಗೆ ಇಳಿಯಿತು. ಎಲ್ಲರೂ ಇಳಿದದ್ದರ ಮಾತಾಡಿದರೆ ನನಗೆ ಅದರ ಗಣಕ ಎದ್ದದ್ದು ಹೇಗೆ, ಎಷ್ಟು ಹಂತದಲ್ಲಿ ಎಂಬ ಕುತೂಹಲ. ಹೋಗಿ ಕೇಳೋಣವೆಂದರೆ, ಕುರಿ ಮೇಯುತ್ತಿದ್ದ ಕಾವಲಿಗೆ ಬೇಲಿ ಬಿದ್ದ ಮೇಲೆ ಅಲ್ಲಿ ಕುರಿಗಳಿಗೇ ಪ್ರವೇಶವಿಲ್ಲ, ನನ್ನನ್ನು ಯಾರು ಬಿಟ್ಟಾರು!